ತಿಪ್ಪೆಯ ದತ್ತೂರ, ದೆಹಲಿಯ ಪ್ರನಾಳ

ದತ್ತೂರವನ್ನು ಯಾರೂ ನೆಟ್ಟು ಬೆಳೆಸುವುದಿಲ್ಲ. ತಿಪ್ಪೆಯ ಅಂಚಿನಲ್ಲಿ, ಪಾಳುಗೋಡೆಯ ಮಗ್ಗುಲಲ್ಲಿ, ರೈಲುಹಳಿಯ ಪಕ್ಕದ ಕಸದಲ್ಲಿ ಅದು ತಾನಾಗಿ ಹುಟ್ಟಿಕೊಳ್ಳುತ್ತದೆ. ದನಗಳು ಮೂಸಿ ನೋಡಿ ಮುಂದೆ ಹೋಗುತ್ತವೆ. ಮಕ್ಕಳು ಅದರ ಮುಳ್ಳುಕಾಯಿಗೆ ಕೈಹಾಕಿದರೆ ಮನೆಯ ಹಿರಿಯರು ಗದರಿಸುತ್ತಾರೆ. ಶಿವನ ಪೂಜೆಗೆ ಹೂ ಬೇಕಾದಾಗ ಮಾತ್ರ ಈ ವಿಷದ ಗಿಡ ನೆನಪಾಗುತ್ತದೆ.

ಇಂಥ ಗಿಡವೊಂದು 1964ರಲ್ಲಿ ಜಗತ್ತಿನ ಸಸ್ಯವಿಜ್ಞಾನಿಗಳ ಗಮನವನ್ನು ದೆಹಲಿಯತ್ತ ಸೆಳೆಯಿತು. ಆ ವರ್ಷದ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಪ್ರತಿಷ್ಠಿತ ವಿಜ್ಞಾನ ಪತ್ರಿಕೆ ‘ನೇಚರ್’ ಒಂದು ಪುಟ್ಟ ಟಿಪ್ಪಣಿಯನ್ನು ಪ್ರಕಟಿಸಿತು. ಬರೆದವರು ದೆಹಲಿ ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರ ವಿಭಾಗದ ಇಬ್ಬರು ಯುವ ಸಂಶೋಧಕರು: ಶಿಪ್ರಾ ಗುಹಾ ಮತ್ತು ಸತೀಶ್ ಚಂದ್ರ ಮಹೇಶ್ವರಿ. ದತ್ತೂರದ ಹೂವಿನ ಪರಾಗಕೋಶವನ್ನು ಗಾಜಿನ ಕೊಳವೆಯಲ್ಲಿ ಬೆಳೆಸಿದಾಗ ಅದರೊಳಗಿಂದ ಭ್ರೂಣಗಳು ಹೊರಬಂದವು ಎಂಬುದು ಅದರ ಸಾರಾಂಶ.

ಓದುವವರಿಗೆ ಇದು ದೊಡ್ಡ ಸುದ್ದಿ ಎನಿಸಲಿಕ್ಕಿಲ್ಲ. ಆದರೆ ಮೊಟ್ಟೆಯ ಸಹಾಯವಿಲ್ಲದೆ, ಬೀಜವಿಲ್ಲದೆ, ಕೇವಲ ಗಂಡು ಪರಾಗದಿಂದ ಪೂರ್ಣ ಗಿಡವೊಂದನ್ನು ಪಡೆಯುವ ದಾರಿ ಅಲ್ಲಿ ತೆರೆದುಕೊಂಡಿತ್ತು. ಹೊಸ ಭತ್ತ, ಹೊಸ ಗೋಧಿ ತಳಿಗಳಿಗಾಗಿ ತಳಿ ವಿಜ್ಞಾನಿಗಳು ಏಳೆಂಟು ತಲೆಮಾರು ಕಾಯಬೇಕಾಗಿದ್ದ ಕಾಲವನ್ನು ಒಂದೆರಡು ತಲೆಮಾರಿಗೆ ಇಳಿಸುವ ವಿದ್ಯೆ ಅದು. ಸ್ವಾತಂತ್ರ್ಯ ಬಂದು ಇನ್ನೂ ಎರಡು ದಶಕ ತುಂಬದಿದ್ದ ದೇಶದ ಒಂದು ವಿಶ್ವವಿದ್ಯಾನಿಲಯದ ಬೋಧನಾ ವಿಭಾಗಕ್ಕೆ ಇದು ಹೇಗೆ ಸಾಧ್ಯವಾಯಿತು? ಇದನ್ನು ಅದೃಷ್ಟ ಎಂದು ತಳ್ಳಿಹಾಕುವುದು ಸುಲಭ. ವಿಭಾಗದ ಇತಿಹಾಸವನ್ನು ನೋಡಿದರೆ ಬೇರೆಯದೇ ಉತ್ತರ ಸಿಗುತ್ತದೆ.

ಗುರು ಕೇಳಿದ ದಕ್ಷಿಣೆ

ಆ ವಿಭಾಗವನ್ನು ಕಟ್ಟಿದವರು ಪಂಚಾನನ ಮಹೇಶ್ವರಿ. 1904ರ ನವೆಂಬರ್ 9ರಂದು ಜೈಪುರದಲ್ಲಿ ಹುಟ್ಟಿದ ಅವರು ಅಲಹಾಬಾದಿನ ಯೂಯಿಂಗ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಿದರು. ಅಲ್ಲಿ ಅವರಿಗೆ ಸಸ್ಯಶಾಸ್ತ್ರ ಕಲಿಸಿದವರು ಅಮೆರಿಕದಿಂದ ಬಂದಿದ್ದ ಮಿಷನರಿ ಅಧ್ಯಾಪಕ ವಿನ್‌ಫೀಲ್ಡ್ ಡಜನ್. ವಿದ್ಯೆ ಮುಗಿದ ಮೇಲೆ ಶಿಷ್ಯ ಗುರುದಕ್ಷಿಣೆಯ ಮಾತೆತ್ತಿದಾಗ, ನಾನು ನಿನಗೆ ಮಾಡಿದ್ದನ್ನು ನೀನು ನಿನ್ನ ವಿದ್ಯಾರ್ಥಿಗಳಿಗೆ ಮಾಡು, ಅದೇ ಸಾಕು ಎಂದು ಡಜನ್ ಹೇಳಿದರಂತೆ. ಮಹೇಶ್ವರಿಯವರ ಬಗ್ಗೆ ಬರೆದವರೆಲ್ಲ ಈ ಪ್ರಸಂಗವನ್ನು ನೆನೆಯುತ್ತಾರೆ. ಅವರ ಮುಂದಿನ ಬದುಕನ್ನು ನೋಡಿದರೆ ಆ ಮಾತನ್ನು ಅವರು ಅಕ್ಷರಶಃ ಪಾಲಿಸಿದ್ದು ಕಾಣುತ್ತದೆ.

1931ರಲ್ಲಿ ಅಲಹಾಬಾದ್ ವಿಶ್ವವಿದ್ಯಾನಿಲಯದಿಂದ ಡಿ.ಎಸ್‌ಸಿ. ಪಡೆದ ಮಹೇಶ್ವರಿ ಆಗ್ರಾ, ಅಲಹಾಬಾದ್, ಲಖನೌಗಳಲ್ಲಿ ಪಾಠ ಹೇಳಿದರು. 1939ರಲ್ಲಿ ಢಾಕಾ ವಿಶ್ವವಿದ್ಯಾನಿಲಯಕ್ಕೆ ಹೋಗಿ ಅಲ್ಲಿ ಸಸ್ಯಶಾಸ್ತ್ರ ವಿಭಾಗವನ್ನು ಬೆಳೆಸಿದರು. ದೇಶ ವಿಭಜನೆಯಾಗಿ ಢಾಕಾ ಪಾಕಿಸ್ತಾನಕ್ಕೆ ಸೇರಿತು. ಆಗ ದೆಹಲಿ ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದ ಸರ್ ಮಾರಿಸ್ ಗ್ವೈಯರ್ ಅವರನ್ನು ಆಹ್ವಾನಿಸಿದರು. 1949ರಲ್ಲಿ ಮಹೇಶ್ವರಿ ದೆಹಲಿಗೆ ಬಂದರು. ಕೊನೆಯವರೆಗೂ ಅವರ ಕಾರ್ಯಕ್ಷೇತ್ರ ಅದೇ ಆಯಿತು.

ಅವರ ವಿಷಯ ಸಸ್ಯ ಭ್ರೂಣಶಾಸ್ತ್ರ. ಹೂವು ಅರಳಿ, ಪರಾಗ ಬಿದ್ದು, ಕಾಯಿ ಕಟ್ಟಿ, ಬೀಜವಾಗುವವರೆಗೆ ಒಳಗೆ ಏನೇನು ನಡೆಯುತ್ತದೆ ಎಂಬುದರ ಅಧ್ಯಯನ ಅದು. ಮೊಗ್ಗಿನಿಂದ ಹಿಡಿದು ಬಲಿತ ಬೀಜದವರೆಗೆ ಒಂದೊಂದು ಹಂತದ ಹೂವನ್ನೂ ಆರಿಸಿ, ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳುವಾಗಿ ಸೀಳಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿ ನೋಡಿ ಚಿತ್ರ ಬರೆಯಬೇಕು. ಒಂದು ಗಿಡದ ಕಥೆ ಪೂರ್ತಿಯಾಗಲು ಇಂಥ ನೂರಾರು ಸೀಳುಗಳು ಬೇಕು. ಇದಕ್ಕೆ ಭಾರಿ ಯಂತ್ರಗಳು ಬೇಡ. ಒಳ್ಳೆಯ ಸೂಕ್ಷ್ಮದರ್ಶಕ, ಪಳಗಿದ ಕೈ, ಬೇಸರವಿಲ್ಲದ ಕಣ್ಣು ಇದ್ದರೆ ಆಯಿತು. ಸಾವಿರಾರು ಬಗೆಯ ಗಿಡಗಳಿರುವ, ಹಣ ಕಡಿಮೆಯಿರುವ ದೇಶಕ್ಕೆ ಹೇಳಿ ಮಾಡಿಸಿದ ವಿಜ್ಞಾನ ಇದು. ಕನ್ನಡಿಗರು ‘ಹಸುರು ಹೊನ್ನು’ ಕೃತಿಯಿಂದ ಬಲ್ಲ ಬಿ.ಜಿ.ಎಲ್. ಸ್ವಾಮಿ ಅವರೂ ಸಸ್ಯ ಭ್ರೂಣಶಾಸ್ತ್ರದಲ್ಲಿ ದುಡಿದು ಹೆಸರು ಮಾಡಿದವರೇ.

1950ರಲ್ಲಿ ಮಹೇಶ್ವರಿಯವರ ‘ಆ್ಯನ್ ಇಂಟ್ರೊಡಕ್ಷನ್ ಟು ದಿ ಎಂಬ್ರಿಯಾಲಜಿ ಆಫ್ ಆಂಜಿಯೋಸ್ಪರ್ಮ್ಸ್’ ಗ್ರಂಥ ಅಮೆರಿಕದಲ್ಲಿ ಅಚ್ಚಾಯಿತು. ಹೂಬಿಡುವ ಸಸ್ಯಗಳ ಭ್ರೂಣಶಾಸ್ತ್ರಕ್ಕೆ ಅದು ಜಗತ್ತಿನಾದ್ಯಂತ ಪಠ್ಯವಾಯಿತು. ಮರುವರ್ಷ, 1951ರಲ್ಲಿ, ಅವರು ಸಸ್ಯರೂಪವಿಜ್ಞಾನಿಗಳ ಅಂತಾರಾಷ್ಟ್ರೀಯ ಸಂಘವನ್ನು ದೆಹಲಿಯಲ್ಲೇ ಆರಂಭಿಸಿದರು. ‘ಫೈಟೋಮಾರ್ಫಾಲಜಿ’ ಎಂಬ ಪತ್ರಿಕೆ ಹೊರಟಿತು. ಭಾರತೀಯ ವಿಜ್ಞಾನಿಗಳು ತಮ್ಮ ಲೇಖನಗಳನ್ನು ವಿದೇಶಕ್ಕೆ ಕಳುಹಿಸಿ ಕಾಯುತ್ತಿದ್ದ ಕಾಲದಲ್ಲಿ ವಿದೇಶದವರು ತಮ್ಮ ಲೇಖನಗಳನ್ನು ದೆಹಲಿಗೆ ಕಳುಹಿಸತೊಡಗಿದರು.

ಎಳನೀರಿನ ಮಹಿಮೆ

ಹೀಗೆ ವರ್ಷಗಟ್ಟಲೆ ನೋಡಿ ಬರೆದಿಟ್ಟ ಮೇಲೆ ಹೊಸ ಪ್ರಶ್ನೆಗಳು ಎದ್ದವು. ಭ್ರೂಣ ಬೆಳೆಯುವುದನ್ನು ಗಿಡದ ಒಳಗಷ್ಟೇ ನೋಡಬೇಕೆ? ಅದನ್ನು ಹೊರಗೆ ತೆಗೆದು, ನಾವೇ ಉಣಿಸಿ ಬೆಳೆಸಲು ಬಂದೀತೆ?

ಈ ಕನಸು ಹಳೆಯದು. ಆಸ್ಟ್ರಿಯಾದ ಸಸ್ಯವಿಜ್ಞಾನಿ ಗಾಟ್‌ಲೀಬ್ ಹಾಬರ್‌ಲಾಂಟ್ 1902ರಲ್ಲೇ ಎಲೆಯ ಬಿಡಿ ಜೀವಕೋಶಗಳನ್ನು ಪೋಷಕ ದ್ರವದಲ್ಲಿಟ್ಟು ಬೆಳೆಸಲು ಯತ್ನಿಸಿದ್ದರು. ಕೋಶಗಳು ಬದುಕಿದವು, ಹಿಗ್ಗಿದವು, ಆದರೆ ಒಂದೂ ಒಡೆದು ಎರಡಾಗಲಿಲ್ಲ. ಆದರೂ, ಸಸ್ಯದ ಪ್ರತಿಯೊಂದು ಜೀವಕೋಶದಲ್ಲೂ ಪೂರ್ಣ ಗಿಡವಾಗುವ ಶಕ್ತಿ ಅಡಗಿದೆ, ಒಂದಲ್ಲ ಒಂದು ದಿನ ಅದನ್ನು ಎಚ್ಚರಿಸಬಹುದು ಎಂಬ ನಂಬಿಕೆಯನ್ನು ಅವರು ಬಿಟ್ಟುಹೋದರು.

ಎಚ್ಚರಿಸುವ ಒಂದು ಮದ್ದು ಸಿಕ್ಕಿದ್ದು ತೆಂಗಿನಕಾಯಿಯಲ್ಲಿ. 1941ರಲ್ಲಿ ಅಮೆರಿಕದಲ್ಲಿ ವಾನ್ ಓವರ್‌ಬೀಕ್, ಕಾಂಕ್ಲಿನ್, ಬ್ಲೇಕ್ಸ್‌ಲೀ ಎಂಬ ಮೂವರು ದತ್ತೂರದ ತೀರ ಎಳೆಯ ಭ್ರೂಣಗಳನ್ನು ಪೋಷಿಸಲು ತೆಂಗಿನ ನೀರನ್ನು ಬಳಸಿ ಗೆದ್ದರು. ನಾವು ಬಾಯಾರಿಕೆಗೆ ಕುಡಿಯುವ ಎಳನೀರು ವಾಸ್ತವವಾಗಿ ದ್ರವರೂಪದ ಭ್ರೂಣಾಹಾರ. ತೆಂಗಿನ ಮೊಳಕೆಗಾಗಿ ಪ್ರಕೃತಿ ಕೂಡಿಟ್ಟ ಬುತ್ತಿ ಅದು. ಕೋಶಗಳನ್ನು ಒಡೆಯಲು ಪ್ರೇರೇಪಿಸುವ ಸಸ್ಯಹಾರ್ಮೋನುಗಳು ಅದರಲ್ಲಿವೆ. 1958ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದ ಎಫ್.ಸಿ. ಸ್ಟೀವರ್ಡ್ ಎಳನೀರು ಬೆರೆತ ದ್ರವದಲ್ಲಿ ಗಜ್ಜರಿಯ ಬಿಡಿ ಕೋಶಗಳಿಂದ ಭ್ರೂಣದಂಥ ರಚನೆಗಳನ್ನೂ ಗಿಡಗಳನ್ನೂ ಪಡೆದರು. ಹಾಬರ್‌ಲಾಂಟ್ ನಂಬಿಕೆ ನಿಜವಾಯಿತು.

ದೆಹಲಿಯ ವಿಭಾಗ ಈ ಅಂಗಾಂಶ ಕೃಷಿಯನ್ನು ಕೈಗೆತ್ತಿಕೊಂಡಾಗ ಅದಕ್ಕೆ ಬೇರೆ ಪ್ರಯೋಗಾಲಯಗಳಿಗಿಲ್ಲದ ಒಂದು ಅನುಕೂಲವಿತ್ತು. ಹೂವಿನ ಯಾವ ಭಾಗದಲ್ಲಿ ಯಾವ ದಿನ ಏನು ನಡೆಯುತ್ತದೆ ಎಂಬುದು ಅಲ್ಲಿಯ ವಿದ್ಯಾರ್ಥಿಗಳಿಗೆ ಕರತಲಾಮಲಕವಾಗಿತ್ತು. ಯಾವ ಹಂತದಲ್ಲಿ ಕತ್ತರಿಸಿ ತೆಗೆಯಬೇಕು, ಕೊಳವೆಯಲ್ಲಿ ಬೆಳೆದದ್ದು ಭ್ರೂಣವೋ ಬರಿಯ ಕೋಶಗಳ ಗಂಟೋ ಎಂಬುದನ್ನು ಅವರ ಕಣ್ಣು ಗುರುತಿಸಬಲ್ಲದಾಗಿತ್ತು. ಎನ್.ಎಸ್. ರಂಗಸ್ವಾಮಿ ನಿಂಬೆ ಜಾತಿಯ ಬೀಜಗಳ ಅಂಗಾಂಶವನ್ನು ಬೆಳೆಸಿದರು. ಬಿ.ಎಂ. ಜೋಹ್ರಿ ಮತ್ತು ಅವರ ಶಿಷ್ಯರು ಅಂಡಾಶಯ, ಭ್ರೂಣಾಹಾರಗಳ ಬೆನ್ನುಹತ್ತಿದರು. 1961ರ ಡಿಸೆಂಬರ್‌ನಲ್ಲಿ ಸಸ್ಯ ಅಂಗಾಂಶ ಕೃಷಿಯ ಅಂತಾರಾಷ್ಟ್ರೀಯ ವಿಚಾರ ಸಂಕಿರಣವೇ ದೆಹಲಿಯಲ್ಲಿ ನಡೆಯಿತು.

ಗಸಗಸೆಯ ಪ್ರನಾಳ ಶಿಶು

ಮೊದಲ ದೊಡ್ಡ ಫಲ ಬಂದದ್ದು ಗಸಗಸೆ ಕುಲದ ಗಿಡಗಳಲ್ಲಿ. ಹೂವಿನಲ್ಲಿ ಪರಾಗ ಬೀಳುವುದು ಶಲಾಕಾಗ್ರದ ಮೇಲೆ. ಅಲ್ಲಿ ಅದು ಮೊಳೆತು, ಸಣ್ಣ ನಾಳವನ್ನು ಕೆಳಗಿಳಿಸಿ, ಅಂಡಾಶಯದೊಳಗಿನ ಅಂಡಕವನ್ನು ತಲುಪಬೇಕು. ಶಲಾಕಾಗ್ರ ಬಾಗಿಲು ಕಾಯುವವನಿದ್ದಂತೆ. ಪರಕೀಯ ಪರಾಗವನ್ನು, ಎಷ್ಟೋ ಸಲ ತನ್ನದೇ ಹೂವಿನ ಪರಾಗವನ್ನೂ ಅದು ಒಳಗೆ ಬಿಡುವುದಿಲ್ಲ. ಎರಡು ಭಿನ್ನ ಪ್ರಭೇದಗಳನ್ನು ಕೂಡಿಸಿ ಹೊಸ ತಳಿ ಮಾಡಬೇಕೆಂದವರಿಗೆ ಇದೊಂದು ತಡೆ.

ಈ ಬಾಗಿಲನ್ನೇ ಬಿಟ್ಟು ಗೋಡೆಯಲ್ಲಿ ಕಿಂಡಿ ಕೊರೆದರೆ ಹೇಗೆ? ಸಂಶೋಧನಾ ವಿದ್ಯಾರ್ಥಿನಿ ಕುಸುಮ್ ಕಾಂತಾ ಹಾಗೆಯೇ ಮಾಡಿದರು. ಪರಾಗವನ್ನು ಬೋರಿಕ್ ಆಮ್ಲ ಬೆರೆತ ನೀರಿನಲ್ಲಿ ಕದಡಿ, ಡಾಕ್ಟರರು ಬಳಸುವಂಥ ಸೂಜಿಯಿಂದ ನೇರವಾಗಿ ಅಂಡಾಶಯದೊಳಗೆ ಚುಚ್ಚಿದರು. ಗಾಳಿ ಹೊರಹೋಗಲು ಎದುರುಗಡೆ ಇನ್ನೊಂದು ರಂಧ್ರ. ಕೆಲಸ ಮುಗಿದ ಮೇಲೆ ಎರಡಕ್ಕೂ ವ್ಯಾಸಲೀನ್ ಮೆತ್ತಿದರು. ಬೀಜ ಕಟ್ಟಿತು. 1960ರಲ್ಲಿ ಈ ಫಲಿತಾಂಶ ‘ನೇಚರ್’ನಲ್ಲಿ ಬಂತು. ನಮ್ಮ ರಸ್ತೆಬದಿಯಲ್ಲಿ ಹಳದಿ ಹೂ ಬಿಡುವ, ಮೈಯೆಲ್ಲ ಮುಳ್ಳಿರುವ ಅರಿಶಿನ ದತ್ತೂರಿಯಲ್ಲೂ ಈ ವಿಧಾನ ಫಲಿಸಿತು. ಹೆಸರಿನಲ್ಲಿ ದತ್ತೂರಿ ಇದ್ದರೂ ಅದು ಗಸಗಸೆಯ ಬಳಗದ್ದು.

ಮುಂದಿನ ಹೆಜ್ಜೆಯಲ್ಲಿ ಅಂಡಾಶಯದ ಗೋಡೆಯನ್ನೂ ಬಿಟ್ಟುಕೊಡಲಾಯಿತು. ಅಫೀಮು ಗಸಗಸೆಯ ಅಂಡಕಗಳನ್ನು ಹೊರತೆಗೆದು, ಪೋಷಕ ಅಗರ್ ಮೇಲೆ ಇಟ್ಟು, ಅವುಗಳ ಮೇಲೆ ಪರಾಗವನ್ನು ಉದುರಿಸಲಾಯಿತು. ಪರಾಗ ಅಲ್ಲೇ ಮೊಳೆಯಿತು, ನಾಳ ಅಂಡಕವನ್ನು ಹೊಕ್ಕಿತು, ನಿಶೇಚನ ನಡೆಯಿತು, ಕೊಳವೆಯಲ್ಲೇ ಬೀಜ ಬಲಿತು ಮೊಳಕೆಯೊಡೆಯಿತು. ಕಾಂತಾ, ರಂಗಸ್ವಾಮಿ ಮತ್ತು ಮಹೇಶ್ವರಿ ಇದನ್ನು 1962ರ ಜೂನ್‌ನಲ್ಲಿ ‘ನೇಚರ್’ನಲ್ಲಿ ಪ್ರಕಟಿಸಿದರು. ಇಂಗ್ಲೆಂಡಿನಲ್ಲಿ ಲೂಯಿಸ್ ಬ್ರೌನ್ ಎಂಬ ಮೊದಲ ಪ್ರನಾಳ ಶಿಶು ಹುಟ್ಟಿದ್ದು 1978ರಲ್ಲಿ. ಅದಕ್ಕೆ 16 ವರ್ಷ ಮೊದಲೇ ಸಸ್ಯಲೋಕದ ಪ್ರನಾಳ ಶಿಶು ದೆಹಲಿಯಲ್ಲಿ ಕಣ್ಣು ಬಿಟ್ಟಿತ್ತು.

ಹೇಳಿದ್ದಷ್ಟೇ, ಗೊತ್ತಿದ್ದಷ್ಟು

ಈಗ ಮತ್ತೆ ದತ್ತೂರಕ್ಕೆ ಬರೋಣ. ಶಿಪ್ರಾ ಗುಹಾ 1938ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದವರು. ದೆಹಲಿಯಲ್ಲಿ ಪ್ರೊ. ಜೋಹ್ರಿ ಅವರ ಬಳಿ ಈರುಳ್ಳಿಯ ಅಂಗಾಂಶಗಳ ಮೇಲೆ ಪಿಎಚ್.ಡಿ. ಮುಗಿಸಿದ್ದರು. ನಂತರ ಅವರು ಪಂಚಾನನ ಮಹೇಶ್ವರಿಯವರ ಮಗ, ಅದೇ ವಿಭಾಗದಲ್ಲಿದ್ದ ಸಸ್ಯ ಶರೀರಕ್ರಿಯಾ ವಿಜ್ಞಾನಿ ಸತೀಶ್ ಚಂದ್ರ ಮಹೇಶ್ವರಿಯವರ ಜತೆಗೂಡಿದರು. ಆಗ ಅವರ ಮುಂದಿದ್ದ ಪ್ರಶ್ನೆ ಬೇರೆ. ಪರಾಗ ಹುಟ್ಟುವಾಗ ವರ್ಣತಂತುಗಳ ಸಂಖ್ಯೆ ಅರ್ಧಕ್ಕಿಳಿಯುವ ವಿಶಿಷ್ಟ ಕೋಶವಿಭಜನೆಯೊಂದು ನಡೆಯುತ್ತದೆ. ಅದನ್ನು ಪ್ರನಾಳದಲ್ಲಿ ಅಧ್ಯಯನ ಮಾಡಬಹುದೇ ಎಂದು ನೋಡಲು ದತ್ತೂರದ ಎಳೆಯ ಪರಾಗಕೋಶಗಳನ್ನು ಅವರು ಬೆಳೆಸುತ್ತಿದ್ದರು.

ಆರಿಸಿದ ಪ್ರಭೇದ ದತ್ತೂರ ಇನಾಕ್ಸಿಯ. ಲ್ಯಾಟಿನ್‌ನಲ್ಲಿ ‘ಇನಾಕ್ಸಿಯ’ ಎಂದರೆ ನಿರುಪದ್ರವಿ. ಅಷ್ಟು ವಿಷದ ಗಿಡಕ್ಕೆ ಇಂಥ ಹೆಸರಿಟ್ಟದ್ದು ವಿಚಿತ್ರವೇ. ಪೋಷಕ ಮಿಶ್ರಣಗಳಲ್ಲಿ ಎಳನೀರೂ ಇತ್ತು. ಕೆಲವು ವಾರ ಕಳೆದ ಮೇಲೆ ಪರಾಗಕೋಶಗಳು ಬಿರಿದು ಅವುಗಳೊಳಗಿಂದ ಸಣ್ಣ ಸಣ್ಣ ರಚನೆಗಳು ಇಣುಕಿದವು. ಭ್ರೂಣಶಾಸ್ತ್ರ ಕಲಿಯದ ಕಣ್ಣಿಗೆ ಅವು ಕೊಳವೆ ಕೆಟ್ಟುಹೋದ ಸೂಚನೆಯಂತೆ ಕಂಡಿದ್ದರೂ ಆಶ್ಚರ್ಯವಿಲ್ಲ. ಈ ವಿಭಾಗದ ಕಣ್ಣಿಗೆ ಅವು ಬೀಜದೊಳಗೆ ಕಾಣುವ ಭ್ರೂಣಗಳನ್ನೇ ಹೋಲುತ್ತಿದ್ದವು. ಅದೇ ಹಂತಗಳು, ಅದೇ ಆಕಾರ.

ಎಲ್ಲಿಂದ ಬಂದವು? ಪರಾಗಕೋಶದ ಗೋಡೆಯಿಂದಲೂ ಬಂದಿರಬಹುದು. ಒಳಗಿನ ಪರಾಗಕಣಗಳಿಂದಲೂ ಬಂದಿರಬಹುದು. ಗೋಡೆಯಿಂದ ಬಂದಿದ್ದರೆ ಅದು ಕುತೂಹಲದ ಸಂಗತಿ ಮಾತ್ರ. ಪರಾಗದಿಂದಾದರೆ ಕ್ರಾಂತಿ. 1964ರ ಟಿಪ್ಪಣಿಯ ಶೀರ್ಷಿಕೆ ದತ್ತೂರದ ಪರಾಗಕೋಶಗಳಿಂದ ಭ್ರೂಣಗಳು ಎಂದಷ್ಟೇ ಹೇಳಿತು. ಪರಾಗದಿಂದ ಎಂದು ಬರೆಯುವ ಆಸೆ ಯಾರಿಗಿರುವುದಿಲ್ಲ? ಆದರೆ ಶೀರ್ಷಿಕೆಯಲ್ಲಿ ಅವರು ಕಣ್ಣಿಗೆ ಕಂಡದ್ದಕ್ಕಿಂತ ಒಂದು ಮಾತನ್ನೂ ಹೆಚ್ಚಿಗೆ ಹೇಳಲಿಲ್ಲ. ಪುರಾವೆಗಾಗಿ ಕೆಲಸ ಮುಂದುವರಿಯಿತು. ದತ್ತೂರದ ಸಾಮಾನ್ಯ ಕೋಶದಲ್ಲಿ 24 ವರ್ಣತಂತುಗಳು, ಪರಾಗದಲ್ಲಿ 12. ಹೊಸ ಭ್ರೂಣಗಳ ಕೋಶಗಳಲ್ಲಿ ಎಣಿಸಿದಾಗ ಸಿಕ್ಕದ್ದು 12. ಪರಾಗಕಣ ಒಳಗೊಳಗೇ ಒಡೆದು ಭ್ರೂಣವಾಗುವುದನ್ನೂ ಗುರುತಿಸಿದರು. 1966ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಎರಡನೆಯ ಟಿಪ್ಪಣಿಯಲ್ಲಿ ಪರಾಗದ ಹೆಸರು ಶೀರ್ಷಿಕೆಗೆ ಬಂತು.

ಅರ್ಧ ಗಂಟಿನ ಲಾಭ

ಅರ್ಧ ಸಂಖ್ಯೆಯ ವರ್ಣತಂತುಗಳಿರುವ ಇಂಥ ಗಿಡಗಳಿಗೆ ಏಕಗುಣಿತ ಎಂದು ಹೆಸರು. ಇವು ಸೊರಗಿದಂತಿರುತ್ತವೆ, ಬೀಜ ಬಿಡುವುದಿಲ್ಲ. ಹಾಗಿದ್ದರೆ ಇವುಗಳಿಂದ ಲಾಭವೇನು?

ಸಾಮಾನ್ಯ ಗಿಡದಲ್ಲಿ ಪ್ರತಿ ಗುಣಕ್ಕೂ ಎರಡು ಪ್ರತಿಗಳಿರುತ್ತವೆ, ತಾಯಿಯ ಕಡೆಯದೊಂದು, ತಂದೆಯ ಕಡೆಯದೊಂದು. ಒಂದು ಪ್ರಬಲವಾಗಿದ್ದರೆ ಇನ್ನೊಂದು ಅದರ ಮರೆಯಲ್ಲಿ ಅಡಗಿ ಕೂರುತ್ತದೆ. ಮಕ್ಕಳಲ್ಲೋ ಮೊಮ್ಮಕ್ಕಳಲ್ಲೋ ತಲೆಯೆತ್ತುತ್ತದೆ. ಎರಡು ಭತ್ತದ ತಳಿಗಳನ್ನು ಕೂಡಿಸಿದ ಮೇಲೆ ಬರುವ ಸಂತತಿ ಒಂದೇ ಸಮ ಇರದಿರುವುದು ಇದರಿಂದಲೇ. ತಳಿ ಸ್ಥಿರವಾಗಬೇಕಾದರೆ ತಲೆಮಾರಿನಿಂದ ತಲೆಮಾರಿಗೆ ಸ್ವಪರಾಗಸ್ಪರ್ಶ ಮಾಡಿಸಿ ಆರಿಸುತ್ತಾ ಹೋಗಬೇಕು. ಎರಡನೇ ತಲೆಮಾರಿನಲ್ಲಿ ಮಿಶ್ರಗುಣ ಅರ್ಧ ಉಳಿದಿದ್ದರೆ ಮೂರನೆಯದರಲ್ಲಿ ಕಾಲು, ನಾಲ್ಕನೆಯದರಲ್ಲಿ ಅರೆಕಾಲು. ಅದು 64ರಲ್ಲಿ ಒಂದು ಪಾಲಿಗೆ ಇಳಿಯಲು ಏಳನೇ ತಲೆಮಾರು ಬರಬೇಕು. ವರ್ಷಕ್ಕೊಂದು ಬೆಳೆ ಎಂದರೆ ಒಂದು ತಳಿಗೆ ಏಳೆಂಟು ವರ್ಷ.

ಏಕಗುಣಿತ ಗಿಡದಲ್ಲಿ ಮರೆಮಾಚಲು ಇನ್ನೊಂದು ಪ್ರತಿಯೇ ಇಲ್ಲ. ಇದ್ದದ್ದೆಲ್ಲ ಬಯಲಿಗೆ ಬರುತ್ತದೆ. ಅದರ ವರ್ಣತಂತುಗಳನ್ನು ಕೊಲ್ಚಿಸಿನ್ ಎಂಬ ರಾಸಾಯನಿಕದಿಂದ ದ್ವಿಗುಣಗೊಳಿಸಿದರೆ ಎರಡೂ ಪ್ರತಿಗಳು ಒಂದೇ ಆದ, ಪೂರ್ತಿ ಸ್ಥಿರವಾದ, ಬೀಜ ಕಟ್ಟುವ ಗಿಡ ಒಂದೇ ತಲೆಮಾರಿನಲ್ಲಿ ಸಿದ್ಧ. ನಮ್ಮ ಮಲೆನಾಡಿನ ಬೇಲಿಗಳಲ್ಲಿ ಕೆಂಪು ಹಳದಿ ಹೂ ಬಿಡುವ ಅಗ್ನಿಶಿಖೆಯ ಗಡ್ಡೆಯಲ್ಲೂ ಈ ಕೊಲ್ಚಿಸಿನ್ ಇದೆ.

ಏಕಗುಣಿತಗಳು ಉಪಯುಕ್ತ ಎಂಬುದು ತಳಿ ವಿಜ್ಞಾನಿಗಳಿಗೆ ಮೊದಲೇ ಗೊತ್ತಿತ್ತು. 1922ರಲ್ಲೇ ಅಮೆರಿಕದ ಆಲ್ಬರ್ಟ್ ಬ್ಲೇಕ್ಸ್‌ಲೀ ಮತ್ತು ಸಂಗಡಿಗರು ತಾನಾಗಿ ಹುಟ್ಟಿದ ಏಕಗುಣಿತ ಗಿಡವೊಂದನ್ನು ವರದಿ ಮಾಡಿದ್ದರು. ಅದೂ ದತ್ತೂರವೇ! ಆದರೆ ಇಂಥವು ಲಕ್ಷಕ್ಕೊಂದು ಸಿಕ್ಕರೆ ಪುಣ್ಯ. ಬೇಕೆಂದಾಗ ಪಡೆಯುವ ವಿಧಾನ ಯಾರ ಬಳಿಯೂ ಇರಲಿಲ್ಲ. ಒಂದು ಪರಾಗಕೋಶದಲ್ಲಿ ಪರಾಗಕಣಗಳಾದರೋ ಸಾವಿರಾರು. ದೆಹಲಿಯ ಪ್ರಯೋಗ ಅವುಗಳನ್ನು ಗಿಡವಾಗಿಸುವ ಬೀಗದ ಕೈಯನ್ನು ಒದಗಿಸಿತು.

ಬೀಜ ನಮ್ಮದು, ಬೆಳೆ?

ಜಗತ್ತು ತಡಮಾಡಲಿಲ್ಲ. 1967ರಲ್ಲಿ ಫ್ರಾನ್ಸಿನ ಬೂರ್ಜಾನ್ ಮತ್ತು ನಿಚ್ ಹೊಗೆಸೊಪ್ಪಿನಲ್ಲಿ, 1968ರಲ್ಲಿ ಜಪಾನಿನ ನೀಜೆಕಿ ಮತ್ತು ಊನೊ ಭತ್ತದಲ್ಲಿ ಪರಾಗಕೋಶದಿಂದ ಏಕಗುಣಿತ ಗಿಡಗಳನ್ನು ಪಡೆದರು. ಚೀನಾ ಈ ವಿದ್ಯೆಯನ್ನು ರಾಷ್ಟ್ರೀಯ ಕಾರ್ಯವೆಂಬಂತೆ ಕೈಗೆತ್ತಿಕೊಂಡಿತು. 1980ರ ದಶಕದಲ್ಲಿ ಅಲ್ಲಿ ‘ಜಿಂಗ್‌ಹುವಾ–1’ ಎಂಬ ಗೋಧಿ ತಳಿ ಹೊಲಕ್ಕಿಳಿಯಿತು. ಭತ್ತದ ತಳಿಗಳೂ ಬಂದವು. ದಕ್ಷಿಣ ಕೊರಿಯಾದಲ್ಲೂ ಇದೇ ಮಾರ್ಗದಿಂದ ಭತ್ತದ ತಳಿಗಳು ಹುಟ್ಟಿದವು. ಇಂದು ಇನ್ನೂರಕ್ಕೂ ಹೆಚ್ಚು ಸಸ್ಯ ಪ್ರಭೇದಗಳಲ್ಲಿ ಏಕಗುಣಿತಗಳನ್ನು ಪಡೆಯುವ ವಿಧಾನಗಳಿವೆ.

ಭಾರತದಲ್ಲಿ? ಕಟಕ್‌ನ ಭತ್ತ ಸಂಶೋಧನಾ ಸಂಸ್ಥೆ ಪರಾಗಕೋಶ ಕೃಷಿಯಿಂದ ‘ಸತ್ಯಕೃಷ್ಣ’, ‘ಫಾಲ್ಗುಣಿ’ ಎಂಬ ತಳಿಗಳನ್ನು ರೂಪಿಸಿದೆ. ಆದರೆ ಇವು ಬಂದದ್ದು ಚೀನಾದ ಗೋಧಿಗಿಂತ ಎಷ್ಟೋ ವರ್ಷ ತಡವಾಗಿ. ವಿಶ್ವವಿದ್ಯಾನಿಲಯದಲ್ಲಿ ಕಂಡದ್ದು ಕೃಷಿ ಕೇಂದ್ರಕ್ಕೆ, ಅಲ್ಲಿಂದ ಹೊಲಕ್ಕೆ ಹರಿಯುವ ಕಾಲುವೆ ನಮ್ಮಲ್ಲಿ ಕಿರಿದಾಗಿತ್ತು ಎಂಬುದನ್ನು ಒಪ್ಪಿಕೊಳ್ಳಬೇಕು.

ಹಾಗೆಂದು ತಪ್ಪೆಲ್ಲ ವ್ಯವಸ್ಥೆಯದೇ ಅಲ್ಲ, ಗಿಡಗಳ ಹಟವೂ ಇತ್ತು. ಜಪಾನಿನಲ್ಲಿ ಬೆಳೆಯುವ ಜಪಾನಿಕಾ ಭತ್ತ ಈ ವಿದ್ಯೆಗೆ ಸುಲಭವಾಗಿ ಒಲಿಯಿತು. ನಾವು ಉಣ್ಣುವ ಇಂಡಿಕಾ ಭತ್ತ ಒಲಿಯಲಿಲ್ಲ. ಧಾನ್ಯದ ಗಿಡಗಳಲ್ಲಿ ಮೊಳಕೆಗಳು ಎಷ್ಟೋ ಸಲ ಹಸಿರೇ ಇಲ್ಲದೆ ಬಿಳಿಚಿಕೊಂಡು ಹುಟ್ಟಿ ಸಾಯುತ್ತವೆ.

ಕನ್ನಡ ನಾಡಿಗೂ ಈ ಕಥೆಯ ಒಂದು ಎಳೆ ತಲುಪಿದೆ. 2021ರ ಡಿಸೆಂಬರ್‌ನಲ್ಲಿ ತುಮಕೂರು ಜಿಲ್ಲೆಯ ಕುಣಿಗಲ್‌ನಲ್ಲಿ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಮತ್ತು ಅಂತಾರಾಷ್ಟ್ರೀಯ ಮೆಕ್ಕೆಜೋಳ–ಗೋಧಿ ಸಂಶೋಧನಾ ಸಂಸ್ಥೆಗಳ ಸಹಯೋಗದಲ್ಲಿ ಮೆಕ್ಕೆಜೋಳದ ದ್ವಿಗುಣಿತ–ಏಕಗುಣಿತ ಘಟಕ ಆರಂಭವಾಯಿತು. ಅಲ್ಲಿ ಏಕಗುಣಿತಗಳನ್ನು ಪಡೆಯುವುದು ಪ್ರನಾಳದಲ್ಲಲ್ಲ, ವಿಶೇಷ ಪ್ರಚೋದಕ ತಳಿಯ ಪರಾಗವನ್ನು ಬಳಸಿ. ವಿಧಾನ ಬೇರೆಯಾದರೂ ಲೆಕ್ಕಾಚಾರ ಒಂದೇ. ದಾವಣಗೆರೆ, ಹಾವೇರಿಯ ರೈತ ಬಿತ್ತುವ ಮೆಕ್ಕೆಜೋಳದ ಹೊಸ ಸಂಕರ ತಳಿ ಬೇಗ ಸಿದ್ಧವಾಗಬೇಕಾದರೆ ಅದರ ತಂದೆತಾಯಿ ತಳಿಗಳು ಬೇಗ ಸ್ಥಿರವಾಗಬೇಕು.

ಶಿಷ್ಯರ ಸಾಲು

ದೆಹಲಿಯ ಈ ವಿಭಾಗದಲ್ಲಿ ಕನ್ನಡಿಗರೂ ದುಡಿದಿದ್ದಾರೆ. 1930ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಎಚ್.ವೈ. ಮೋಹನರಾಮ್ ಅಲ್ಲಿಯ ಸೇಂಟ್ ಫಿಲೋಮಿನಾ ಕಾಲೇಜಿನಲ್ಲಿ ಓದಿ, 1953ರಲ್ಲಿ ಈ ವಿಭಾಗವನ್ನು ಸೇರಿ, ನಾಲ್ಕು ದಶಕ ಅಲ್ಲಿ ಪಾಠ ಹೇಳಿದರು. ಇಂದಿರಾ ಗಾಂಧಿಯವರ ಮಾಧ್ಯಮ ಸಲಹೆಗಾರರಾಗಿದ್ದ ಎಚ್.ವೈ. ಶಾರದಾಪ್ರಸಾದ್ ಇವರ ಅಣ್ಣ. ಹರಳು ಬೀಜದ ಬಲಿತ ಭ್ರೂಣಾಹಾರದ ಕೋಶಗಳನ್ನು ಮತ್ತೆ ಒಡೆಯುವಂತೆ ಮಾಡಿದ ಪ್ರಯೋಗವನ್ನು ಮೋಹನರಾಮ್ 1963ರಲ್ಲಿ ಪ್ರಕಟಿಸಿದರು. 2018ರಲ್ಲಿ ತೀರಿಕೊಂಡ ಅವರನ್ನು ಶಿಷ್ಯರು ಇಂದಿಗೂ ಮೊದಲು ನೆನೆಯುವುದು ಮೇಷ್ಟ್ರು ಎಂದೇ. ಕೆ.ಆರ್. ಶಿವಣ್ಣ 1967ರಲ್ಲಿ ರಂಗಸ್ವಾಮಿಯವರ ಜತೆಗೂಡಿ, ತನ್ನದೇ ಪರಾಗವನ್ನು ತಿರಸ್ಕರಿಸುವ ಪೆಟೂನಿಯಾ ಗಿಡದಲ್ಲಿ ಗಸಗಸೆಯ ವಿಧಾನವನ್ನೇ ಬಳಸಿ ಬೀಜ ಕಟ್ಟಿಸಿದರು. ದೆಹಲಿಯಿಂದ ನಿವೃತ್ತರಾದ ಮೇಲೆ ಅವರು ಬೆಂಗಳೂರಿನ ‘ಏಟ್ರೀ’ ಸಂಸ್ಥೆಯಲ್ಲಿ ಪರಾಗಸ್ಪರ್ಶದ ಅಧ್ಯಯನವನ್ನು ಮುಂದುವರಿಸಿದರು.

ಪಂಚಾನನ ಮಹೇಶ್ವರಿ 1965ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೊ ಆಗಿ ಆಯ್ಕೆಯಾದರು. ಮರುವರ್ಷ ಮೇ 18ರಂದು, 61ನೇ ವಯಸ್ಸಿನಲ್ಲಿ ನಿಧನರಾದರು. ಪರಾಗದ ರಹಸ್ಯವನ್ನು ಖಚಿತಪಡಿಸಿದ ಎರಡನೇ ಟಿಪ್ಪಣಿ ಅಚ್ಚಾಗಿ ಬಂದಾಗ ಅವರಿರಲಿಲ್ಲ. ಕೊನೆಯ ವರ್ಷಗಳಲ್ಲಿ ಅವರು ಸಮಯ ಕೊಟ್ಟ ಕೆಲಸಗಳಲ್ಲಿ ಒಂದು ರಾಷ್ಟ್ರೀಯ ಶೈಕ್ಷಣಿಕ ಸಂಶೋಧನಾ ಮತ್ತು ತರಬೇತಿ ಮಂಡಳಿಗಾಗಿ ಹೈಸ್ಕೂಲು ಮಕ್ಕಳ ಜೀವಶಾಸ್ತ್ರ ಪಠ್ಯವನ್ನು ರೂಪಿಸುವುದಾಗಿತ್ತು. ಜಗತ್ತಿನ ತಜ್ಞರಿಗೆ ಪಠ್ಯ ಬರೆದವರು ಶಾಲೆಯ ಮಕ್ಕಳ ಪಠ್ಯವನ್ನು ಕಿರಿದೆಂದು ಭಾವಿಸಲಿಲ್ಲ. ಶಿಪ್ರಾ ಗುಹಾ ಮುಖರ್ಜಿ ಮುಂದೆ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿ ದುಡಿದು 2007ರಲ್ಲಿ ತೀರಿಕೊಂಡರು. ಸತೀಶ್ ಚಂದ್ರ ಮಹೇಶ್ವರಿಯವರಿಗೆ 1972ರಲ್ಲಿ ಭಟ್ನಾಗರ್ ಪ್ರಶಸ್ತಿ ಸಂದಿತು. 2019ರಲ್ಲಿ ಅವರೂ ಹೋದರು.

ವಿಶ್ವವಿದ್ಯಾನಿಲಯದ ವಿಭಾಗವೊಂದರ ಸಾಧನೆ ಎಂದಾಗ ನಾವು ಪ್ರಶಸ್ತಿ, ಅನುದಾನ, ಪ್ರಕಟಣೆಗಳ ಪಟ್ಟಿಯನ್ನು ಕೇಳುತ್ತೇವೆ. ಹೂವಿನ ಸೀಳುಗಳನ್ನು ನೋಡುತ್ತಾ ಕೂತಿದ್ದ 1950ರ ದಶಕದ ಆ ವಿಭಾಗವನ್ನು ಯಾರಾದರೂ ಇದರಿಂದ ರೈತನಿಗೇನು ಉಪಯೋಗ ಎಂದು ಕೇಳಿದ್ದರೆ, ಅಲ್ಲಿದ್ದವರ ಬಳಿ ನೇರ ಉತ್ತರ ಇರುತ್ತಿರಲಿಲ್ಲ. ಉತ್ತರ ಸಿಗಲು ಹದಿನೈದು ವರ್ಷ ಬೇಕಾಯಿತು. ಅದು ಸಿಕ್ಕದ್ದೂ ಬೇರೊಂದು ಪ್ರಶ್ನೆಯನ್ನು ಕೇಳುತ್ತಿದ್ದಾಗ. ಆ ಹದಿನೈದು ವರ್ಷ ವಿಭಾಗದಲ್ಲಿ ಮೇಷ್ಟ್ರುಗಳಿದ್ದರು, ವಿದ್ಯಾರ್ಥಿಗಳಿದ್ದರು, ಒಬ್ಬರ ಕಲಿಕೆ ಇನ್ನೊಬ್ಬರಿಗೆ ದಾಟುತ್ತಿತ್ತು. ಕೊಳವೆಯೊಳಗೆ ಇಣುಕಿದ್ದು ಭ್ರೂಣ ಎಂದು ಗುರುತಿಸುವ ಕಣ್ಣು ಸಿದ್ಧವಾದದ್ದು ಹಾಗೆ. ಅಧ್ಯಾಪಕರ ಹುದ್ದೆಗಳನ್ನು ವರ್ಷಗಟ್ಟಲೆ ಖಾಲಿ ಬಿಟ್ಟು, ಇದ್ದವರಿಂದ ತಕ್ಷಣದ ಫಲ ಕೇಳುವ ಕಡೆ ಇಂಥ ಸಾಲು ಬೆಳೆಯುವುದು ಕಷ್ಟ.

ತಿಪ್ಪೆಯ ಬದಿಯ ದತ್ತೂರ ಈ ಮಳೆಗಾಲದಲ್ಲೂ ಹೂ ಬಿಡುತ್ತದೆ. ಬಿಳಿಯ ಉದ್ದನೆಯ ಹೂವಿನೊಳಗೆ ಇಣುಕಿದರೆ ಐದು ಪರಾಗಕೋಶಗಳು ಕಾಣುತ್ತವೆ. ನೋಡಿದ ಮೇಲೆ ಕೈ ತೊಳೆಯುವುದನ್ನು ಮಾತ್ರ ಮರೆಯಬಾರದು.